ನಾಯಿ, ಬೆಕ್ಕು ಇರುವ ಮನೆಗೆ ಎಂಥ ನೆಲ ಹಾಕಿಸಬೇಕು?

ಟೈಲ್ಸ್ ಅಂಗಡಿಯಲ್ಲಿ ‘ಮನೇಲಿ ನಾಯಿ ಇದೆ’ ಅಂದರೆ ಸಾಕು, ಅಂಗಡಿಯವರು ಬೀಗದ ಕೈ ತೆಗೆದು ಟೈಲ್ಸ್ ಮೇಲೆ ಗೀಚಿ ತೋರಿಸುತ್ತಾರೆ. ‘ನೋಡಿ ಸಾರ್, ಒಂದು ಗೀರೂ ಇಲ್ಲ!’ ನಿಜ, ಇರುವುದಿಲ್ಲ. ಆದರೆ ನಾಯಿಯ ಉಗುರಿಗೆ ಟೈಲ್ಸ್ ಗೀಚುವಷ್ಟು ಗಟ್ಟಿತನವೇ ಇಲ್ಲ. ಗೀರು ಬಿದ್ದರೆ ಅದು ಪಾದಕ್ಕೆ ಅಂಟಿಕೊಂಡು ಬಂದ ಮರಳಿನ ಕೆಲಸ. ಅದಕ್ಕೆ ಬಾಗಿಲಲ್ಲೊಂದು ದಪ್ಪ ಕಾಲೊರೆಸು ಸಾಕು. ಪ್ರಾಣಿ ಸಾಕಿದವರಿಗೆ ನೆಲ ತಲೆನೋವು ಕೊಡುವುದು ಎರಡು ವಿಷಯಕ್ಕೆ: ಜಾರುತ್ತದೆ, ಇಲ್ಲವೇ ವಾಸನೆ ಹಿಡಿಯುತ್ತದೆ. ಟೈಲ್ಸ್ ಆರಿಸುವಾಗ ಇವೆರಡನ್ನೇ ಮುಂದಿಟ್ಟುಕೊಳ್ಳಿ.

ಹಂತ 1: ಜಾರುತ್ತದಾ ನೋಡಿ

ಕಾಲಿಂಗ್ ಬೆಲ್ ಆದಾಗ ಪಾಲಿಶ್ ಟೈಲ್ಸ್ ಮೇಲೆ ಲ್ಯಾಬ್ರಡಾರ್ ಓಡುವುದನ್ನು ಒಮ್ಮೆ ಗಮನಿಸಿ. ಮುಂಗಾಲು ಬಾಗಿಲ ಕಡೆ ತಿರುಗಿರುತ್ತದೆ, ಹಿಂಗಾಲು ಎರಡೂ ಅಗಲಕ್ಕೆ ಜಾರಿ ಹೋಗಿರುತ್ತವೆ. ಉಗುರು ನೆಲಕ್ಕೆ ಕೆರೆಯುತ್ತಾ ಗೋಡೆಗೆ ಡಿಕ್ಕಿ. ನೋಡುವವರಿಗೆ ನಗು ಬರುತ್ತದೆ. ಆದರೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್ ತಳಿಗಳಿಗೆ ಮೊದಲೇ ಸೊಂಟದ ಕೀಲಿನ ತೊಂದರೆ ಜಾಸ್ತಿ. ದಿನಾ ಹೀಗೆ ಜಾರಿದರೆ ನೋವು ಹೆಚ್ಚುತ್ತದೆ. ವಯಸ್ಸಾದ ನಾಯಿಯಂತೂ ಜಾರುವ ಹಾಲ್‌ಗೆ ಕಾಲಿಡಲು ಹೆದರಿ ಚಾಪೆಯ ಅಂಚಿನಲ್ಲೇ ನಿಂತುಬಿಡುತ್ತದೆ.

ಹಾಗಾಗಿ ಹೊಳಪಿಲ್ಲದ ಮ್ಯಾಟ್ ಫಿನಿಶ್ ಕೇಳಿ. ಕೆಲವು ಕಂಪನಿಗಳು ಹಿಡಿತವನ್ನು ‘ಆರ್’ ಸಂಖ್ಯೆಯಲ್ಲಿ ಹೇಳುತ್ತವೆ. ಆರ್ 9 ಅಂದರೆ ಕಡಿಮೆ ಹಿಡಿತ, ಆರ್ 13 ಅಂದರೆ ತುಂಬಾ ಜಾಸ್ತಿ. ಹಾಲ್, ರೂಮ್‌ಗಳಿಗೆ ಆರ್ 10, ಬಾಲ್ಕನಿ ಮತ್ತು ನಾಯಿಗೆ ಸ್ನಾನ ಮಾಡಿಸುವ ಜಾಗಕ್ಕೆ ಆರ್ 11 ಸಾಕು. ಅದಕ್ಕಿಂತ ಒರಟಾದರೆ ಒರೆಸುವವರು ಶಾಪ ಹಾಕುತ್ತಾರೆ.

ಸಂಖ್ಯೆ ಗೊತ್ತಾಗದಿದ್ದರೆ ಒಂದು ಸ್ಯಾಂಪಲ್ ಮನೆಗೆ ತನ್ನಿ. ನೀರು ಚಿಮುಕಿಸಿ, ಕಾಲುಚೀಲ ಹಾಕಿಕೊಂಡು ಅದರ ಮೇಲೆ ಕಾಲು ಉಜ್ಜಿ ನೋಡಿ. ಒಣಗಿದ್ದಾಗ ಚೆನ್ನಾಗಿ ಹಿಡಿಯುವ ಎಷ್ಟೋ ಟೈಲ್ಸ್ ಒದ್ದೆಯಾದಾಗ ಕೈಕೊಡುತ್ತವೆ. ಆಮೇಲೆ ಸ್ವಲ್ಪ ಕೆಸರು ಸವರಿ, ಒಣಗಲು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ. ಎರಡು ಸಲಕ್ಕೂ ಹೋಗಲಿಲ್ಲವೆಂದರೆ ಆ ಟೈಲ್ಸ್ ಬೇಡ. ಮಳೆಗಾಲ ಪೂರ್ತಿ ಅದನ್ನು ಉಜ್ಜಬೇಕಾದವರು ನೀವೇ ಅಲ್ವಾ?

ಹಂತ 2: ಯಾವುದರ ನೆಲ?

ಹೊಸದಾಗಿ ಹಾಕಿಸುವುದಾದರೆ ನನ್ನ ಮೊದಲ ಆಯ್ಕೆ ಮ್ಯಾಟ್ ವಿಟ್ರಿಫೈಡ್ ಟೈಲ್ಸ್. ಒಳ್ಳೆಯ ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ತನ್ನ ತೂಕದ ಶೇ 0.5ಕ್ಕಿಂತ ಕಡಿಮೆ. ಸಾಧಾರಣ ಸೆರಾಮಿಕ್ ನೆಲದ ಟೈಲ್ಸ್ ಶೇ 3ರಿಂದ 6ರಷ್ಟು ಹೀರಬಹುದು. ನೀರು ಇಳಿಯದ ಕಡೆ ಉಚ್ಚೆಯೂ ಇಳಿಯುವುದಿಲ್ಲ. ವಿಟ್ರಿಫೈಡ್‌ನಲ್ಲೂ ‘ಫುಲ್ ಬಾಡಿ’ ಸಿಕ್ಕರೆ ಇನ್ನೂ ಒಳ್ಳೆಯದು. ಮೇಲಿಂದ ಕೆಳತನಕ ಒಂದೇ ಬಣ್ಣ ಇರುವುದರಿಂದ ಪಾತ್ರೆ ಬಿದ್ದು ಚಕ್ಕೆ ಎದ್ದರೂ ಎದ್ದು ಕಾಣುವುದಿಲ್ಲ.

ಗ್ರಾನೈಟ್ ಕೂಡ ಗಟ್ಟಿ, ಹುಳಿಗೂ ಜಗ್ಗುವುದಿಲ್ಲ. ಬೆಂಗಳೂರಿನವರಾದರೆ ಜಿಗಣಿ ಕಡೆ ಹೋಗಿ ಸ್ಲ್ಯಾಬ್ ನೋಡಿಯೇ ಆರಿಸಬಹುದು. ಪಾಲಿಶ್ ಬದಲು ಲೆದರ್ ಫಿನಿಶ್ ಕೇಳಿ, ಸಣ್ಣಗೆ ಉಬ್ಬುತಗ್ಗು ಇರುವುದರಿಂದ ಕಾಲು ನಿಲ್ಲುತ್ತದೆ. ಹಿತ್ತಲು, ಸಿಟ್‌ಔಟ್, ನಾಯಿಗೂಡಿನ ಮುಂದೆ ಒರಟು ಸಾದಹಳ್ಳಿ ಕಲ್ಲಿಗಿಂತ ಒಳ್ಳೆಯದು ಬೇಕಿಲ್ಲ.

ಮಾರ್ಬಲ್, ಕೋಟಾ ಕಲ್ಲು, ಶಹಾಬಾದ್ ಕಲ್ಲು ಮೂರೂ ಸುಣ್ಣದ ಜಾತಿ. ನಂಬಿಕೆ ಇಲ್ಲದಿದ್ದರೆ ಒಂದು ತುಂಡಿನ ಮೇಲೆ ನಿಂಬೆರಸ ಹಿಂಡಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಆ ಜಾಗದ ಹೊಳಪು ಹೋಗಿರುತ್ತದೆ. ಉಚ್ಚೆ ಬಹಳ ಹೊತ್ತು ನಿಂತರೂ ಕಲೆ ಉಳಿಯುತ್ತದೆ. ಬಿಳಿ ಮಾರ್ಬಲ್ ಮೇಲೆ ಆ ಹಳದಿ ಕಲೆ ತೆಗೆಯುವಷ್ಟರಲ್ಲಿ ಸಾಕು ಸಾಕಾಗುತ್ತದೆ. ನಾಯಿ ಇರುವ ಮನೆಗೆ ಹೊಸದಾಗಿ ಮಾರ್ಬಲ್ ಹಾಕಿಸುವುದು ಸುಮ್ನೆ ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ. ಶಹಾಬಾದ್ ವಿಷಯ ಬೇರೆ. ಕಲಬುರಗಿ ಕಡೆಯ ಬಿಸಿಲಿಗೆ ತಂಪು, ಪಾಲಿಶ್ ಮಾಡದೆ ಬಿಟ್ಟರೆ ಜಾರುವುದೂ ಇಲ್ಲ. ಈಗಾಗಲೇ ಇದ್ದರೆ ಕೀಳಿಸಬೇಡಿ. ಕಲ್ಲಿಗೆ ಹಚ್ಚುವ ಸೀಲರ್ ಹಚ್ಚಿಸಿ, ಬಿದ್ದದ್ದನ್ನು ಕೂಡಲೇ ಒರೆಸಿ.

ರೆಡ್ ಆಕ್ಸೈಡ್ ನೆಲಕ್ಕೆ ಸಂದುಗಳೇ ಕಡಿಮೆ, ಅದು ದೊಡ್ಡ ಲಾಭ. ಆದರೆ ಬಿರುಕು ಬಿಡದಂತೆ ಮಾಡುವ ಕೈ ಈಗ ಅಪರೂಪ.

ಮರದಂತೆ ಕಾಣುವ ನೆಲ ಬೇಕೇ ಬೇಕು ಅನ್ನುವವರು ಲ್ಯಾಮಿನೇಟ್ ಮತ್ತು ಎಸ್‌ಪಿಸಿ ಒಂದೇ ಅಂದುಕೊಳ್ಳಬೇಡಿ. ಲ್ಯಾಮಿನೇಟ್‌ನ ಒಳಗಿರುವುದು ಒತ್ತಿದ ಮರದ ನಾರು. ಸಂದಿಗೆ ನೀರು ಇಳಿದರೆ ಅಂಚು ಉಬ್ಬಿ ಎದ್ದು ಬರುತ್ತದೆ, ಮತ್ತೆ ಕೂರುವುದಿಲ್ಲ. ಎಸ್‌ಪಿಸಿ ಹಲಗೆಯಲ್ಲಿ ಇರುವುದು ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್, ಅದು ಉಬ್ಬುವುದಿಲ್ಲ. ಮೇಲಿನ ಪಾರದರ್ಶಕ ಪದರ 0.5 ಮಿಲಿಮೀಟರ್ ಇರುವುದನ್ನು ಕೇಳಿ. ಹಲಗೆ ವಾಟರ್‌ಪ್ರೂಫ್ ಎಂದರೆ ನೆಲವೂ ವಾಟರ್‌ಪ್ರೂಫ್ ಎಂದಲ್ಲ. ಸಂದಿನಿಂದ, ಗೋಡೆ ಪಕ್ಕದ ಅಂತರದಿಂದ ಕೆಳಗೆ ಇಳಿದದ್ದು ಅಲ್ಲೇ ಕೊಳೆಯುತ್ತದೆ.

ಹಂತ 3: ಸಂದು ಮತ್ತು ಸ್ಕರ್ಟಿಂಗ್

ಹೆಚ್ಚಿನವರು ಟೈಲ್ಸ್ ಆರಿಸಲು ಇಡೀ ವಾರ ತಿರುಗುತ್ತಾರೆ, ಸಂದು ತುಂಬುವುದನ್ನು ಮಾತ್ರ ಮೇಸ್ತ್ರಿಗೆ ಬಿಡುತ್ತಾರೆ. ಮೇಸ್ತ್ರಿ ವೈಟ್ ಸಿಮೆಂಟ್ ಕಲಸಿ ಎಳೆದುಬಿಡುತ್ತಾನೆ. ಅದು ಉಚ್ಚೆ ಹೀರುತ್ತದೆ. ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಜೂನ್‌ನಲ್ಲಿ ಗಾಳಿಗೆ ತೇವ ಬಂತೋ, ಎಷ್ಟು ಒರೆಸಿದರೂ ಹೋಗದ ವಾಸನೆ ಶುರು.

ಅದರ ಬದಲು ಎಪಾಕ್ಸಿ ಗ್ರೌಟ್, ಅಂದರೆ ರಾಳದಿಂದ ಮಾಡಿದ ಸಂದು ತುಂಬುವ ಅಂಟು, ಹಾಕಿಸಿ. ದುಬಾರಿ ಹೌದು, ಆದರೆ ಹೀರುವುದಿಲ್ಲ. ಇದು ಬೇಗ ಗಟ್ಟಿಯಾಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿ, ತುಂಬಿದ ಕೂಡಲೇ ಟೈಲ್ಸ್ ಮೇಲಿನ ಅಂಟು ಒರೆಸಬೇಕು. ಮ್ಯಾಟ್ ಟೈಲ್ಸ್ ಮೇಲೆ ಆ ಅಂಟು ಒಣಗಿದರೆ ಮಂಜು ಕವಿದ ಹಾಗೆ ಕೂತುಬಿಡುತ್ತದೆ. ಆ ದಿನ ಎದುರಲ್ಲೇ ನಿಂತು ಮಾಡಿಸಿ. ಸಂದು 2 ಮಿಲಿಮೀಟರ್ ಇರಲಿ, ನಡುವೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ತುಂಡು ಇಡದೆ ಒಂದಕ್ಕೊಂದು ತಾಗಿಸಿ ಜೋಡಿಸಲು ಬಿಡಬೇಡಿ. ಗ್ರೌಟ್ ಒಳಗೆ ಇಳಿಯಲು ಜಾಗ ಬೇಕು. ಟೈಲ್ಸ್ ದೊಡ್ಡದಾದಷ್ಟೂ ಸಂದು ಕಡಿಮೆ: 10×12 ಅಡಿ ರೂಮ್‌ಗೆ 2×2 ಅಡಿಯದು 30 ಬೇಕು, 2×4 ಅಡಿಯದು 15 ಸಾಕು.

ಗಂಡು ನಾಯಿ ಕಾಲೆತ್ತುವುದು ಎಲ್ಲಿ? ಗೋಡೆಯ ಮೂಲೆಗೆ. ಅಲ್ಲಿಂದ ಇಳಿದದ್ದು ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಟೈಲ್ಸ್ ಪಟ್ಟಿ) ಮತ್ತು ನೆಲ ಸೇರುವ ಗೆರೆಗೆ ಹೋಗುತ್ತದೆ. ಆ ಗೆರೆಗೂ ಎಪಾಕ್ಸಿ ತುಂಬಿಸಿ. ಸ್ಕರ್ಟಿಂಗ್‌ನ ಮೇಲಿನ ಅಂಚೂ ಬಾಯಿಬಿಟ್ಟಿರಬಾರದು. ಬಾಲ್ಕನಿ, ಯುಟಿಲಿಟಿಯಲ್ಲಿ ನೀರು ಹೋಗುವ ಕಡೆಗೆ ಮೀಟರಿಗೆ 1ರಿಂದ 2 ಸೆಂಟಿಮೀಟರ್ ಇಳಿಜಾರು ಕೊಡಿಸಿ, ಒಂದು ಬಕೆಟ್ ನೀರು ಸುರಿದು ನೋಡಿಯೇ ಹಣ ಕೊಡಿ. ನೆಲ ಒಣಗಿದ ಮೇಲೆ ನಾಣ್ಯದಿಂದ ಒಂದೊಂದೇ ಟೈಲ್ಸ್ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಕೆಳಗೆ ಗಾರೆ ತುಂಬಿಲ್ಲ. ಅದು ಮುಂದೆ ಒಡೆಯುವ ಜಾಗ, ಆಗಲೇ ಬದಲಾಯಿಸಲು ಹೇಳಿ.

ಹಂತ 4: ಬಣ್ಣ, ಹೆಚ್ಚುವರಿ ಪೆಟ್ಟಿಗೆ

ಅಚ್ಚ ಬಿಳಿ, ಅಚ್ಚ ಕಪ್ಪು ಎರಡೂ ಬೇಡ. ನಾಯಿಯ ಕೂದಲಿನ ಬಣ್ಣಕ್ಕೆ ಹತ್ತಿರದ್ದು ತೆಗೆದುಕೊಂಡರೆ ನೆಂಟರು ಬಂದಾಗ ಮಾನ ಉಳಿಯುತ್ತದೆ. ಲೆಕ್ಕಕ್ಕಿಂತ ಶೇ 10ರಷ್ಟು ಜಾಸ್ತಿ ಕೊಳ್ಳಿ, ಎಲ್ಲ ಪೆಟ್ಟಿಗೆಗಳ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇರಲಿ.

ಹಂತ 5: ಒರೆಸುವ ನೀರು

ಬೆಕ್ಕು ಇರುವ ಮನೆಯಲ್ಲಿ ಕಪ್ಪು ಫಿನೈಲ್ ಬೇಡವೇ ಬೇಡ. ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಳ್ಳುವ ಪ್ರಾಣಿ ಅದು. ಆ ಫಿನೈಲ್‌ನಲ್ಲಿರುವ ಫಿನಾಲ್‌ನಂಥ ವಿಷವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ಉಚ್ಚೆಯ ಮೇಲೆ ನೇರವಾಗಿ ಬ್ಲೀಚ್ ಸುರಿಯಬೇಡಿ, ಅಮೋನಿಯ ಸೇರಿ ಕೆಟ್ಟ ಗ್ಯಾಸ್ ಬರುತ್ತದೆ. ಮೊದಲು ಹಳೆ ಬಟ್ಟೆಯಲ್ಲಿ ಹೀರಿಸಿ, ನೀರಲ್ಲಿ ಒರೆಸಿ, ಆಮೇಲೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ ಹಾಕಿ. ವಾಸನೆ ಪೂರ್ತಿ ಹೋಗದಿದ್ದರೆ ನಾಯಿ ಮತ್ತೆ ಅದೇ ಮೂಲೆಗೆ ಹೋಗುತ್ತದೆ. ವಿನೆಗರ್ ಟೈಲ್ಸ್‌ಗೆ ಸರಿ, ಮಾರ್ಬಲ್, ಕೋಟಾಗೆ ಕೂಡದು.

ನೆಲ ಬದಲಿಸಲು ಆಗದವರಿಗೆ

ಬಾಡಿಗೆ ಮನೆ, ಹೊಳೆಯುವ ಟೈಲ್ಸ್, ಮಾಲೀಕರು ಒಪ್ಪುವುದಿಲ್ಲ. ಬಹಳ ಜನರ ಸ್ಥಿತಿ ಇದೇ. ನಾಯಿ ಹೆಚ್ಚು ಓಡಾಡುವ ದಾರಿಗೆ ಮಾತ್ರ, ಅಂದರೆ ಅದರ ಹಾಸಿಗೆಯಿಂದ ಬಾಗಿಲಿಗೆ, ಬಾಗಿಲಿಂದ ನೀರಿನ ಬಟ್ಟಲಿಗೆ, ಕೆಳಗೆ ರಬ್ಬರ್ ಇರುವ ಉದ್ದ ಮ್ಯಾಟ್ ಹಾಸಿ. ಪಾದದ ಮೆತ್ತೆಗಳ ನಡುವೆ ಬೆಳೆದ ಕೂದಲು ಕತ್ತರಿಸಿ, ಅದೇ ಅರ್ಧ ಜಾರಿಸುವುದು. ನಡೆಯುವಾಗ ಟಿಕ್ ಟಿಕ್ ಸದ್ದು ಕೇಳಿಸುತ್ತಿದ್ದರೆ ಉಗುರು ಉದ್ದವಾಗಿದೆ ಎಂದರ್ಥ. ಉದ್ದ ಉಗುರು ನೆಲಕ್ಕೆ ತಾಗಿದಾಗ ಪಾದದ ಮೆತ್ತೆ ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಕತ್ತರಿಸಲು ಭಯವಾದರೆ ಪಶುವೈದ್ಯರ ಹತ್ತಿರ ಲಸಿಕೆಗೆ ಹೋದಾಗ ಅಲ್ಲೇ ಮಾಡಿಸಿಕೊಂಡು ಬನ್ನಿ.