ಮೂಳೆ ಸವೆತದ ಔಷಧಿಗೆ ಮುನ್ನ ಹಲ್ಲಿನ ತಪಾಸಣೆ

ಮೂಳೆ ಸವೆತಕ್ಕೆ (ಆಸ್ಟಿಯೊಪೊರೋಸಿಸ್) ಜೋಲೆಡ್ರಾನಿಕ್ ಆಮ್ಲ, ಅಲೆಂಡ್ರೊನೇಟ್ ಅಥವಾ ಡೆನೊಸುಮ್ಯಾಬ್ ಎಂಬ ಔಷಧಿ ಬರೆದುಕೊಟ್ಟಿದ್ದರೆ, ಮೊದಲ ಡೋಸಿಗೆ ಮುನ್ನವೇ ಹಲ್ಲಿನ ತಪಾಸಣೆ ಮಾಡಿಸಿ, ಕೀಳಲೇಬೇಕಾದ ಹಲ್ಲುಗಳನ್ನು ಕೀಳಿಸಿ, ವಸಡು ಮಾಯುವವರೆಗೆ ಔಷಧಿಯನ್ನು ಮುಂದೂಡಬಹುದೇ ಎಂದು ವೈದ್ಯರನ್ನು ಕೇಳಿರಿ. ದಾವಣಗೆರೆಯಲ್ಲಿ ದಂತ ವೈದ್ಯಕೀಯ ಕಾಲೇಜುಗಳೇ ಎರಡಿರುವುದರಿಂದ ಇದು ನಮಗೆ ಕಷ್ಟವಲ್ಲ. ಈ ಔಷಧಿಗಳು ಹಳೆಯ ಮೂಳೆಯನ್ನು ಕರಗಿಸುವ ಕೋಶಗಳನ್ನು ತಡೆಯುತ್ತವೆ. ಹಾಗಾಗಿ ಜಗಿಯುವ ಒತ್ತಡದಿಂದ ಸದಾ ನವೀಕರಣಗೊಳ್ಳಬೇಕಾದ ದವಡೆಯಲ್ಲಿ, ಹಲ್ಲು ಕಿತ್ತ ಗಾಯ ಮಾಯದೆ ಮೂಳೆ ಹೊರಗೆ ಕಾಣುವ ಸ್ಥಿತಿ ಕೆಲವರಿಗೆ ಬರುತ್ತದೆ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಇದು ವಿರಳ, ಕ್ಯಾನ್ಸರ್ ಚಿಕಿತ್ಸೆಯ ದೊಡ್ಡ ಪ್ರಮಾಣದಲ್ಲಿ ಅಪಾಯ ಹೆಚ್ಚು. ಔಷಧಿ ಆಗಲೇ ಆರಂಭವಾಗಿದ್ದರೆ ಈ ಉಪಾಯ ಪೂರ್ತಿ ಫಲಿಸದು. ಆಗ ಔಷಧಿಯ ಹೆಸರನ್ನು ಹಲ್ಲಿನ ವೈದ್ಯರಿಗೆ ತಪ್ಪದೆ ತಿಳಿಸಿರಿ, ಆದರೆ ಭಯಪಟ್ಟು ತಾವೇ ನಿಲ್ಲಿಸಬೇಡಿರಿ, ಏಕೆಂದರೆ ಡೆನೊಸುಮ್ಯಾಬ್ ತಪ್ಪಿದರೆ ಬೆನ್ನುಮೂಳೆ ಮುರಿಯುವ ಸಂಭವವಿದೆ.