‘ಮದುವೆ – 2’ ಕ್ಯಾಸೆಟ್ಟಿನ ಕೊನೆಯಲ್ಲಿ ಸಿಕ್ಕ ಧಾರಾವಾಹಿ

ನಾನು ಹುಡುಕುತ್ತಿದ್ದದ್ದು 26 ಕಂತಿನ ಒಂದು ಪತ್ತೇದಾರಿ ಧಾರಾವಾಹಿ. ಹೆಸರು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ "ಹಾಗೊಂದು ಇತ್ತಾ?" ಅಂತಾರೆ. ಒಮ್ಮೆ ಪ್ರಸಾರವಾಯಿತು. ಕೆಲವು ವರ್ಷ ಬಿಟ್ಟು ಮಧ್ಯಾಹ್ನದ ಹೊತ್ತಲ್ಲಿ ಮರುಪ್ರಸಾರವಾಯಿತು. ಆಮೇಲೆ ಸುಳಿವೇ ಇಲ್ಲ. ಡಿವಿಡಿ ಬರಲಿಲ್ಲ, ಯಾವ ಆ್ಯಪ್‌ನಲ್ಲೂ ಇಲ್ಲ, ಯೂಟ್ಯೂಬಿನಲ್ಲಿ ಟೈಟಲ್ ಹಾಡಿನ ನಲವತ್ತು ಸೆಕೆಂಡಿನ ತುಣುಕು ಬಿಟ್ಟರೆ ಬೇರೇನೂ ಇಲ್ಲ. ಎರಡು ವರ್ಷ ಹಾಗೇ ಹುಡುಕಿದೆ. ಕೊನೆಗೆ ಅದು ಸಿಕ್ಕಿದ್ದು ನಮ್ಮ ಮನೆಯ ಅಟ್ಟದ ಮೇಲೆ, ‘ಮದುವೆ – 2’ ಅಂತ ಬರೆದಿದ್ದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ.

ಟೇಪಿನಲ್ಲಿ ಮದುವೆ ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿದಿತ್ತು. ಕ್ಯಾಸೆಟ್ ಮೂರು ಗಂಟೆಯದು. ಉಳಿದ ಟೇಪನ್ನು ಸುಮ್ನೆ ಬಿಡೋ ಜಾಯಮಾನ ಅಪ್ಪನದಲ್ಲ. ಅದರಲ್ಲಿ ಎರಡೂವರೆ ಕಂತು ತುಂಬಿಸಿಟ್ಟಿದ್ದರು.

ಅವತ್ತಿಂದ ನಾನು ಲೇಬಲ್ ನಂಬುವುದಿಲ್ಲ. ಹಳೆಯ ಕ್ಯಾಸೆಟ್ ಕೈಗೆ ಬಂದರೆ, ಮೇಲೆ ಏನೇ ಬರೆದಿರಲಿ, ಕೊನೆಯ ತನಕ ನೋಡುತ್ತೇನೆ. ಚಿತ್ರ ಮುಗಿದು ಕಪ್ಪು ಪರದೆ ಬಂದರೂ ನಿಲ್ಲಿಸುವುದಿಲ್ಲ. ಹಾಗೆ ಕಾದಿದ್ದಕ್ಕೆ ಒಮ್ಮೆ ಹನ್ನೊಂದು ನಿಮಿಷದ ಕಪ್ಪು ದಾಟಿದ ಮೇಲೆ ಏಳನೇ ಕಂತು ಶುರುವಾಯಿತು.

ಇಂಥವು ಮತ್ತೆ ಯಾಕೆ ಪ್ರಸಾರವಾಗುವುದಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. "ಯಾರಿಗೂ ಆಸಕ್ತಿ ಇಲ್ಲ" ಅನ್ನೋದು ಅರ್ಧ ಸತ್ಯ. ಎಷ್ಟೋ ಕಡೆ ಅಡ್ಡ ಬರುವುದು ಕಾಗದಪತ್ರ. ಧಾರಾವಾಹಿ ಮಾಡಿದಾಗ ಬರೆದ ಒಪ್ಪಂದದಲ್ಲಿ ಡಿವಿಡಿಯಾಗಲಿ ಇಂಟರ್‌ನೆಟ್ ಆಗಲಿ ಇರಲೇ ಇಲ್ಲ. ಅಮೆರಿಕದ ‘ಡಬ್ಲ್ಯೂಕೆಆರ್‌ಪಿ ಇನ್ ಸಿನ್ಸಿನಾಟಿ’ 1978ರಿಂದ 1982ರವರೆಗೆ ಓಡಿದ ಸರಣಿ. ಕಥೆ ನಡೆಯುವುದೇ ಒಂದು ರೇಡಿಯೋ ಸ್ಟೇಷನ್ನಿನಲ್ಲಿ, ಹಾಗಾಗಿ ಕಂತು ಕಂತಿಗೂ ಆ ಕಾಲದ ಹಿಟ್ ಹಾಡುಗಳು. ಮುಂದೆ ಹಾಡಿನ ಹಕ್ಕು ದುಬಾರಿಯಾಯಿತು. ಮರುಪ್ರಸಾರದಲ್ಲೂ ಮೊದಲ ಡಿವಿಡಿಯಲ್ಲೂ ಬಹಳಷ್ಟು ಹಾಡು ತೆಗೆದು ಬೇರೆ ಸಂಗೀತ ತುಂಬಿದರು. ಇನ್ನು ಕೆಲವು ಕಡೆ ಟೇಪೇ ಉಳಿದಿಲ್ಲ. ಆಗ ವಿಡಿಯೋ ಟೇಪು ದುಬಾರಿ, ಅಳಿಸಿ ಮತ್ತೆ ಬಳಸಬಹುದಾದ ವಸ್ತು. ಬಿಬಿಸಿಯಂಥ ದೊಡ್ಡ ಸಂಸ್ಥೆಯೇ 1960–70ರ ದಶಕದಲ್ಲಿ ತನ್ನದೇ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ‘ಡಾಕ್ಟರ್ ಹೂ’ವಿನ ಟೇಪುಗಳನ್ನು ಅಳಿಸಿತು. ಕಳೆದುಹೋದ 9 ಕಂತುಗಳು 2013ರಲ್ಲಿ ಬೆಳಕಿಗೆ ಬಂದವು. ಸಿಕ್ಕಿದ್ದು ನೈಜೀರಿಯಾದ ಒಂದು ಪ್ರಸಾರ ಕೇಂದ್ರದಲ್ಲಿ!

ಹಾಗಾಗಿ ಉಳಿದಿದ್ದರೆ ಜನರ ಮನೆಯಲ್ಲೇ ಉಳಿದಿರಬೇಕು ಅಂತ ನನ್ನ ಲೆಕ್ಕ. ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಅನ್ನೋ ಮಹಿಳೆ 2012ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಹಗಲೂ ರಾತ್ರಿ ಟಿವಿ ರೆಕಾರ್ಡ್ ಮಾಡಿದರು. ಬಿಟ್ಟುಹೋದದ್ದು ಸುಮಾರು 70 ಸಾವಿರ ಟೇಪು. ಅವು ಈಗ ಇಂಟರ್‌ನೆಟ್ ಆರ್ಕೈವ್ ಅನ್ನೋ ಡಿಜಿಟಲ್ ಗ್ರಂಥಾಲಯದ ಕೈಯಲ್ಲಿವೆ. ನಮ್ಮಪ್ಪನದು ನಲವತ್ತೊಂದು ಟೇಪು.

ಮೊದಲ ಐದು ಟೇಪಿನಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಡಿಜಿಟಲ್ ಮಾಡಿಕೊಡುತ್ತೇವೆ ಅಂದ ಒಬ್ಬರಿಗೆ ಕೊಟ್ಟೆ. ವಾರ ಬಿಟ್ಟು ಡಿವಿಡಿ ಬಂತು. ಯಾರಾದರೂ ಕೈ ಬೀಸಿದರೆ ಬಾಚಣಿಗೆ ಹಲ್ಲಿನಂಥ ಗೆರೆ, ಕತ್ತಲ ದೃಶ್ಯದಲ್ಲಿ ಬರೀ ಚೌಕ ಚೌಕ. ಅದು ಸಾಲದು ಅಂತ, "ಬೇಡದ್ದೆಲ್ಲ ತೆಗೆದಿದ್ದೀವಿ ಸರ್" ಅಂತ ಜಾಹೀರಾತುಗಳನ್ನೂ ಕತ್ತರಿಸಿದ್ದರು. ಒಳ್ಳೆಯದು ಮಾಡಿದೆವು ಅಂದುಕೊಂಡಿದ್ದರು ಪಾಪ. ಆ ಜಾಹೀರಾತು ನನಗೆ ಎಷ್ಟು ಬೇಕಾಗಿತ್ತು ಅಂತ ಆಗ ನನಗೂ ಗೊತ್ತಿರಲಿಲ್ಲ. ಪುಣ್ಯಕ್ಕೆ ಟೇಪುಗಳನ್ನು ವಾಪಸ್ ಕೊಟ್ಟರು.

ಆಮೇಲೆ ನಾನೇ ಶುರು ಮಾಡಿದೆ.

ಮೊದಲು ಬೇಕಿದ್ದು ವಿಸಿಆರ್, ಅಂದ್ರೆ ಈ ಕ್ಯಾಸೆಟ್ ಓಡಿಸುವ ಯಂತ್ರ. ಹೊಸದು ಸಿಗುವ ಮಾತೇ ಇಲ್ಲ. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ ಕೂಡ 2016ರಲ್ಲಿ ನಿಲ್ಲಿಸಿತು. ಹಳೆಯದರಲ್ಲಿ ಎಸ್-ವಿಎಚ್‌ಎಸ್ ಮಾದರಿ ಸಿಕ್ಕಿದರೆ ಒಳ್ಳೆಯದು, ಯಾಕಂದ್ರೆ ಅದರಲ್ಲಿ ಎಸ್-ವಿಡಿಯೋ ಪಿನ್ ಇರುತ್ತದೆ. ಹಳದಿ ಪಿನ್ನಿನಲ್ಲಿ ಬಣ್ಣ ಮತ್ತು ಬೆಳಕು ಒಂದೇ ತಂತಿಯಲ್ಲಿ ಕಲಸಿಕೊಂಡು ಬರುತ್ತವೆ, ಎಸ್-ವಿಡಿಯೋದಲ್ಲಿ ಬೇರೆ ಬೇರೆ. ನಾನು ಎರಡು ಯಂತ್ರ ಇಟ್ಟುಕೊಂಡಿದ್ದೇನೆ. ಒಂದು ಒಳ್ಳೆಯದು. ಇನ್ನೊಂದು ಹೋದರೆ ಹೋಗಲಿ ಅನ್ನುವಂಥದ್ದು. ಗುರುತಿಲ್ಲದ ಟೇಪು ಮೊದಲು ಹೋಗುವುದು ಎರಡನೆಯದಕ್ಕೆ.

ಅದಕ್ಕೂ ಮುಂಚೆ ಬೂಷ್ಟು ನೋಡಬೇಕು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಟೇಪಿನ ಸುರುಳಿಯ ಅಂಚು ಕಪ್ಪಾಗಿ ನುಣ್ಣಗೆ ಹೊಳೆಯಬೇಕು. ಅಲ್ಲಿ ಬಿಳಿ ಪುಡಿ, ಬಿಳಿ ಎಳೆ ಕಂಡರೆ ಬೂಷ್ಟು. ಅದನ್ನು ಹಾಗೇ ಯಂತ್ರಕ್ಕೆ ಹಾಕಿದರೆ, ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಟೇಪಿಗೂ ದಾಟುತ್ತದೆ. ನನ್ನ ನಲವತ್ತೊಂದರಲ್ಲಿ ಒಂಬತ್ತಕ್ಕೆ ಬೂಷ್ಟು ಹಿಡಿದಿತ್ತು.

ಅದನ್ನು ತೆಗೆಯುವುದು ಕಿತ್ತೋದ ಕೆಲಸ, ಆದರೂ ನನಗೆ ಯಾಕೋ ಇಷ್ಟ. ಕ್ಯಾಸೆಟ್ ಬೋರಲು ಹಾಕಿದರೆ ಐದು ಸ್ಕ್ರೂ. ಬಿಚ್ಚಿದ ಮೇಲೆ ಬೋರಲೇ ಇರಿಸಿಕೊಂಡು ಎರಡೂ ಭಾಗ ಒಟ್ಟಿಗೆ ಹಿಡಿದು ತಿರುಗಿಸಬೇಕು, ಇಲ್ಲದಿದ್ದರೆ ಒಳಗಿನ ಪುಟ್ಟ ಸ್ಪ್ರಿಂಗು ಎಲ್ಲೋ ಹಾರಿಹೋಗುತ್ತದೆ. ನನ್ನದು ಮೊದಲ ಸಲ ಹಾರಿ ಬೀರುವಿನ ಕೆಳಗೆ ಹೋಯಿತು. ಮೇಲಿನ ಮುಚ್ಚಳ ಎತ್ತುವ ಮುಂಚೆ ಒಂದು ಫೋಟೋ ತೆಗೆಯಿರಿ, ಟೇಪು ಯಾವ ಕಂಬಿಯ ಯಾವ ಕಡೆಯಿಂದ ಹಾದುಹೋಗಿದೆ ಅಂತ ಆಮೇಲೆ ಖಂಡಿತ ಮರೆಯುತ್ತೀರಿ. ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ಕೂರಬೇಕು. ನಾನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲನ್ನು ನಾರು ಬಿಡದ ಬಟ್ಟೆಗೆ ಹಾಕಿ, ಸುರುಳಿಯ ಅಂಚನ್ನು ಮೆಲ್ಲಗೆ ಒರೆಸುತ್ತೇನೆ. ಆಮೇಲೆ ಟೇಪನ್ನು ಆ ಬಟ್ಟೆಯ ನಡುವೆ ಹಾಯಿಸುತ್ತಾ ಕೈಯಲ್ಲೇ ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತುತ್ತೇನೆ. ಮೂರು ಗಂಟೆಯ ಟೇಪು ಅಂದ್ರೆ ಸುಮಾರು 260 ಮೀಟರ್. ರೇಡಿಯೋ ಹಾಕಿಕೊಂಡು ಕೂರಬೇಕು, ಅಷ್ಟೆ.

ಹೆಡ್ ಒರೆಸುವಾಗ ಕಿವಿಗೆ ಹಾಕೋ ಹತ್ತಿಕಡ್ಡಿ ಬೇಡ್ವೇ ಬೇಡ. ಹತ್ತಿಯ ಎಳೆ ಹೆಡ್ಡಿನ ಚೂರಿಗೆ ಸಿಕ್ಕಿಕೊಂಡು ಎಳೆದರೆ ಅದು ಮುರಿದೇ ಹೋಗುತ್ತದೆ. ನುಣುಪಾದ ಚರ್ಮದ ಬಟ್ಟೆಗೆ ಆಲ್ಕೋಹಾಲು ಹಾಕಿ, ಹೆಡ್ ಕೂತಿರುವ ತಿರುಗುವ ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನೇ ಕೈಯಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಬಾರದು.

ಸರಿ, ಟೇಪು ಓಡಿತು. ಈಗ ಚಿತ್ರದ ಮೇಲಂಚು ಗಾಳಿಗೆ ಸಿಕ್ಕ ಬಾವುಟದ ಹಾಗೆ ಓಲಾಡುತ್ತದೆ, ನೇರ ಇರಬೇಕಾದ ಬಾಗಿಲು ಸೊಟ್ಟಗೆ ಕಾಣುತ್ತದೆ. ಟೇಪು ಹಿಗ್ಗಿ ಕುಗ್ಗಿದ್ದರಿಂದ ಪ್ರತಿ ಗೆರೆಯೂ ತನ್ನ ಸಮಯಕ್ಕೆ ಸರಿಯಾಗಿ ಶುರುವಾಗುತ್ತಿಲ್ಲ ಅಂತ ಅರ್ಥ. ಇದನ್ನು ತಿದ್ದುವ ಸಾಧನಕ್ಕೆ ಟೈಮ್ ಬೇಸ್ ಕರೆಕ್ಟರ್ ಅಂತಾರೆ. ಬೇರೆಯಾಗಿ ಕೊಂಡರೆ ದುಬಾರಿ. ಈ ಹವ್ಯಾಸದವರಿಗೆಲ್ಲ ಗೊತ್ತಿರೋ ಒಂದು ಅಡ್ಡದಾರಿ ಇದೆ. ಪ್ಯಾನಾಸೋನಿಕ್‌ನ ಇಎಸ್10, ಇಎಸ್15 ಅನ್ನೋ ಹಳೆಯ ಡಿವಿಡಿ ರೆಕಾರ್ಡರುಗಳನ್ನು ವಿಸಿಆರ್ ಮತ್ತು ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಸಾಧನದ ನಡುವೆ ಕೂರಿಸಿದರೆ ಸಾಕು. ಡಿವಿಡಿ ಹಾಕೋದೇ ಬೇಡ. ಸಿಗ್ನಲ್ ಅದರೊಳಗೆ ಹಾದು ಬರುವಾಗಲೇ ಗೆರೆಗಳು ಸಾಲಾಗಿ ನಿಲ್ಲುತ್ತವೆ. ಡಿವಿಡಿ ಟ್ರೇ ಕೆಟ್ಟ ಒಂದು ರೆಕಾರ್ಡರ್ ನನಗೆ ಪುಕ್ಕಟೆ ಸಿಕ್ಕಿತು. ಕೊಟ್ಟವರಿಗೆ ಅದು ಗುಜರಿ, ನನಗೆ ಚಿನ್ನ!

ಮತ್ತೊಂದು ಮಾತು. ಮೊದಲ ಕ್ಯಾಪ್ಚರ್ ಮಾಡುವಾಗ ಚಿತ್ರ ಚೆಂದ ಮಾಡೋಕೆ ಹೋಗಬೇಡಿ. ಬಂದದ್ದು ಬಂದ ಹಾಗೇ ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1ನಂಥ, ಏನನ್ನೂ ಕಳೆಯದ ರೂಪದಲ್ಲಿ ಇಳಿಸಿಕೊಳ್ಳಿ. ಗಂಟೆಗೆ ಸುಮಾರು 30 ಜಿಬಿ ಹಿಡಿಯುತ್ತದೆ, ಜಾಸ್ತಿಯೇ. ಆದರೆ ನಮ್ಮಲ್ಲಿ ಬಳಸುತ್ತಿದ್ದ ಪಾಲ್ ಪದ್ಧತಿಯ ಟಿವಿ ಚಿತ್ರ ಸೆಕೆಂಡಿಗೆ 50 ಅರೆಚಿತ್ರವಾಗಿ ಬರುತ್ತದೆ, ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ. ನನ್ನ ಡಿವಿಡಿಯಲ್ಲಿದ್ದ ಬಾಚಣಿಗೆ ಹಲ್ಲು ಇವೆರಡನ್ನೂ ಬೇಕಾಬಿಟ್ಟಿ ಅಂಟಿಸಿದ್ದರ ಫಲ. ಮೂಲ ಕೈಯಲ್ಲಿದ್ದರೆ ಇದನ್ನು ಆಮೇಲೆ ಸಾವಧಾನವಾಗಿ ಬಿಡಿಸಬಹುದು. ಅದಕ್ಕೆ ನಾನು ಕ್ಯುಟಿಜಿಎಂಸಿ ಅನ್ನೋ ತಂತ್ರಾಂಶ ಬಳಸುತ್ತೇನೆ. ನಿಧಾನ, ಆದರೆ ಕೈ ಬೀಸಿದರೆ ಕೈ ಬೀಸಿದ ಹಾಗೇ ಕಾಣುತ್ತದೆ. ಎಐ ಹಾಕಿ ಮುಖ ನುಣ್ಣಗೆ ಮಾಡುವುದು ನನಗೆ ಸೇರುವುದಿಲ್ಲ. ಒಮ್ಮೆ ಹಾಕಿ ನೋಡಿದರೆ ನಮ್ಮ ಪತ್ತೇದಾರನ ಕೆನ್ನೆ ಮೇಲಿನ ಮೊಡವೆ ಕಲೆಯೇ ಮಾಯವಾಗಿತ್ತು.

ಇನ್ನು ಜಾಹೀರಾತಿನ ಕಥೆ. ಕಂತುಗಳೇನೋ ಸಿಕ್ಕವು, ಆದರೆ ಯಾವುದು ಎಷ್ಟನೆಯದು? ಟೈಟಲ್ಲಿನಲ್ಲಿ ಸಂಖ್ಯೆ ಇರಲಿಲ್ಲ. ಅಪ್ಪ ಜಾಗ ಇದ್ದಲ್ಲಿ ತುಂಬಿಸಿದ್ದರಿಂದ ಟೇಪಿನ ಕ್ರಮಕ್ಕೂ ಪ್ರಸಾರದ ಕ್ರಮಕ್ಕೂ ಸಂಬಂಧವೇ ಇರಲಿಲ್ಲ. ಆಗ ಕೈಹಿಡಿದದ್ದು ನಡುವೆ ಬಂದ ಜಾಹೀರಾತು, ಸುದ್ದಿಯ ಮುಖ್ಯಾಂಶ, "ಇದೇ ಭಾನುವಾರ ಸಂಜೆ ನೋಡಿ" ಅನ್ನೋ ಪ್ರಕಟಣೆ. ಒಂದರಲ್ಲಿ ಕ್ರಿಕೆಟ್ ಸ್ಕೋರ್ ಓದಿದ್ದರು. ಪಂದ್ಯದ ತಾರೀಕು ಹುಡುಕುವುದು ಎಷ್ಟು ಹೊತ್ತಿನ ಮಾತು? ಇನ್ನೊಂದರಲ್ಲಿ ಪರೀಕ್ಷಾ ಫಲಿತಾಂಶದ ಪ್ರಕಟಣೆ ಇತ್ತು. ಹೀಗೆ ಆರು ಕಂತಿಗೆ ತಾರೀಕು ಸಿಕ್ಕಿತು. ಗ್ರಂಥಾಲಯಕ್ಕೆ ಹೋಗಿ ಹಳೆಯ ಪತ್ರಿಕೆಗಳ ‘ಇಂದಿನ ಟಿವಿ’ ಕಾಲಂ ತಿರುವಿ ಹಾಕಿ ಉಳಿದವನ್ನು ಜೋಡಿಸಿದೆ. ಕ್ರಿಕೆಟ್ಟಿನಿಂದಾಗಿ ಎರಡು ವಾರ ಧಾರಾವಾಹಿ ಬಂದೇ ಇರಲಿಲ್ಲ ಅಂತಲೂ ಅಲ್ಲೇ ಗೊತ್ತಾಯಿತು. ಆ ಡಿವಿಡಿಯವರು ಕತ್ತರಿಸಿದ ಐದೂ ಟೇಪನ್ನು ಮತ್ತೆ ಮೊದಲಿಂದ ಇಳಿಸಿಕೊಂಡೆ.

ಆಗ ಇನ್ನೊಂದು ವಿಷಯ ಕಂಡಿತು. ನಾಲ್ಕನೇ ಕಂತು ನನ್ನಲ್ಲಿ ಎರಡು ಸಲ ಇತ್ತು. ಒಂದು ಮೊದಲ ಪ್ರಸಾರದ್ದು, ಇನ್ನೊಂದು ಮಧ್ಯಾಹ್ನದ ಮರುಪ್ರಸಾರದ್ದು. ಅಕ್ಕಪಕ್ಕ ಇಟ್ಟು ನೋಡಿದರೆ ಮರುಪ್ರಸಾರದ್ದು ಎರಡು ನಿಮಿಷ ಚಿಕ್ಕದು. ಜಾಹೀರಾತಿಗೆ ಜಾಗ ಮಾಡಲು ಕತ್ತರಿ ಹಾಕಿದ್ದರು. ಮರುಪ್ರಸಾರದಲ್ಲಿ ಹೀಗೆ ಮಾಡುವುದು ಹೊಸದೇನಲ್ಲ. ಆದರೆ ಇಲ್ಲಿ ಹೋದದ್ದು ಅಡುಗೆಮನೆಯಲ್ಲಿ ಅಜ್ಜಿ ಬೀಗದ ಕೈ ಎಣಿಸುವ ದೃಶ್ಯ. ಅದಿಲ್ಲದೆ ಹತ್ತನೇ ಕಂತಿನಲ್ಲಿ "ಒಂದು ಕೀ ಕಮ್ಮಿ ಇದೆ" ಅಂದರೆ ಯಾರಿಗೆ ಅರ್ಥವಾಗಬೇಕು ಹೇಳಿ? ಮರುಪ್ರಸಾರ ನೋಡಿದವರು ಕಥೆಗೆ ತಲೆಬುಡ ಇಲ್ಲ ಅಂತ ಬೈದದ್ದರಲ್ಲಿ ತಪ್ಪೇ ಇಲ್ಲ.

ಇವನ್ನೆಲ್ಲ ಯಾಕೆ ಅಪ್‌ಲೋಡ್ ಮಾಡಲ್ಲ ಅಂತ ಕೇಳುತ್ತಾರೆ. ಟೇಪು ನನ್ನದು, ಧಾರಾವಾಹಿ ನನ್ನದಲ್ಲ. ಹಕ್ಕು ಯಾರ ಹತ್ತಿರ ಇದೆಯೋ ಅವರಿಗೆ ಎರಡು ಪತ್ರ ಬರೆದೆ, ಉತ್ತರವಿಲ್ಲ. ಬೇಕಾದಾಗ ಕೊಡಲು ಒಂದು ಪ್ರತಿ ಬೇರೆಯವರ ಮನೆಯಲ್ಲಿ ಇಟ್ಟಿದ್ದೇನೆ, ಒಂದೇ ಹಾರ್ಡ್‌ಡಿಸ್ಕ್ ನಂಬಿ ಕೂರುವಷ್ಟು ಧೈರ್ಯ ನನಗಿಲ್ಲ.

ಈಗ 26ರಲ್ಲಿ 22 ಇವೆ. ಕೊನೆಯ ಕಂತೂ ಇದೆ, ಆದರೆ ಪೂರ್ತಿ ಇಲ್ಲ. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸುತ್ತಾನೆ, ಕನ್ನಡಕ ಒರೆಸುತ್ತಾನೆ, ಟೇಪು ಮುಗಿಯುತ್ತದೆ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಕೊನೆಯ ನಾಲ್ಕು ನಿಮಿಷಕ್ಕೆ ಜಾಗ ಇರಲಿಲ್ಲ. ಕೊಲೆ ಮಾಡಿದ್ದು ವಕೀಲ ಅಂತ ಅಮ್ಮ, ತಂಗಿ ಪಾತ್ರದವಳು ಅಂತ ಚಿಕ್ಕಮ್ಮ. ಇಬ್ಬರೂ ಪಟ್ಟು ಬಿಡುವುದಿಲ್ಲ.

ಹೋದ ವರ್ಷ ಒಬ್ಬ ಹಿರಿಯರು ಫೋನ್ ಮಾಡಿದರು. ಅವರ ಹತ್ತಿರ ವಿಸಿಆರ್ ಇರಲಿಲ್ಲವಂತೆ, ಟೇಪ್ ರೆಕಾರ್ಡರ್ ಟಿವಿ ಮುಂದೆ ಇಟ್ಟು ಬರೀ ಧ್ವನಿ ಹಿಡಿದಿದ್ದರಂತೆ. ನಾನು ಕುಣಿದಾಡಿದೆ. ‘ಡಾಕ್ಟರ್ ಹೂ’ ಕಥೆಯೂ ಹೀಗೇ ಅಲ್ವಾ, ಚಿತ್ರ ಕಳೆದುಹೋದ ಕಂತುಗಳ ಧ್ವನಿಯಾದರೂ ಪೂರ್ತಿ ಉಳಿದದ್ದು ಮನೆಯಲ್ಲಿ ಹೀಗೆ ಹಿಡಿದಿಟ್ಟ ಅಭಿಮಾನಿಗಳಿಂದ. ಕ್ಯಾಸೆಟ್ ಬಂತು. ಬೂಷ್ಟು ಇಲ್ಲ, ಧ್ವನಿ ಸ್ಪಷ್ಟ. ಕೊನೆಯ ನಾಲ್ಕು ನಿಮಿಷವೂ ಇದೆ. ಅಮ್ಮ, ಚಿಕ್ಕಮ್ಮ ಇಬ್ಬರನ್ನೂ ಕೂರಿಸಿ ಹಾಕಿದೆ. ಪತ್ತೇದಾರ ಗಂಟಲು ಸರಿಮಾಡಿಕೊಂಡ. "ಕೊಲೆ ಮಾಡಿದ್ದು... ಇವರೇ" ಅಂದ. ಅಷ್ಟರಲ್ಲಿ ಟೇಪ್ ರೆಕಾರ್ಡರ್ ಪಕ್ಕದಲ್ಲೇ ಕೂತಿದ್ದ ಯಾರೋ "ನಾನು ಮೊದಲೇ ಹೇಳಿರ್ಲಿಲ್ವಾ!" ಅಂತ ಕಿರುಚಿದರು. ಇಡೀ ಮನೆ ಗಲಾಟೆ ಶುರು ಮಾಡಿತು. ಗಲಾಟೆ ನಿಲ್ಲುವ ಹೊತ್ತಿಗೆ ಟೈಟಲ್ ಹಾಡು ಬರುತ್ತಿತ್ತು.