ಇಂಗ್ಲಿಷ್ ಪದದ ಅರ್ಥ ಹುಡುಕುವಾಗ ಕಿವಿಯನ್ನು ನಂಬಬೇಡಿ

ಕನ್ನಡದಲ್ಲಿ ಕೇಳಿದ ಹಾಗೇ ಬರೆದುಬಿಡುತ್ತೇವೆ. ಅದೇ ಅಭ್ಯಾಸದಲ್ಲಿ ಇಂಗ್ಲಿಷ್ ನಿಘಂಟನ್ನೂ ತೆರೆಯುತ್ತೇವೆ. ಸೈಕಾಲಜಿ ಪದಕ್ಕಾಗಿ ನಾನು ಎಸ್ ಅಕ್ಷರದ ಪುಟಗಳನ್ನೆಲ್ಲ ತಿರುವಿ ಹಾಕಿದ್ದೆ. ಅದು ಇದ್ದದ್ದು ಪಿ ಅಕ್ಷರದಲ್ಲಿ! ಕೇಳಿಸಿದ ಕಡೆ ಪದ ಸಿಗದಿದ್ದರೆ, ಪದದ ಮೊದಲಲ್ಲಿ ಸದ್ದಿಲ್ಲದ ಅಕ್ಷರ ಕೂತಿದೆಯಾ ನೋಡಿ. ನೈಫ್ ಕೆ ಅಕ್ಷರದಲ್ಲಿದೆ. ಗಂಟೆ ಅನ್ನುವ ಅವರ್ ಎಚ್‌ನಲ್ಲಿದೆ. ಬರೆಯುವ ರೈಟ್ ಡಬ್ಲ್ಯೂನಲ್ಲಿದೆ.

ಮೊದಲ ಅಕ್ಷರ ಸಿಕ್ಕಿದರೆ ಸಾಲದು, ಎರಡನೆಯದು, ಮೂರನೆಯದನ್ನೂ ನೋಡಬೇಕು. 1604ರಲ್ಲಿ ರಾಬರ್ಟ್ ಕಾಡ್ರಿ ಸುಮಾರು 2,500 ಪದಗಳ ಇಂಗ್ಲಿಷ್ ನಿಘಂಟು ತಂದಾಗ ಇದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿತ್ತು. ಈಗ ಪುಟದ ತಲೆಯಲ್ಲೇ ಆ ಪುಟದ ಮೊದಲ ಮತ್ತು ಕೊನೆಯ ಪದ ಅಚ್ಚಾಗಿರುತ್ತವೆ. ನಿಮ್ಮ ಪದ ಅವೆರಡರ ನಡುವೆ ಬರುತ್ತದಾ ಅಂತ ಮಾತ್ರ ನೋಡುತ್ತಾ ಹೋಗಿ. ಪದದ ರೂಪ ಬದಲಾಗಿದ್ದರೆ ಮೂಲ ಪದಕ್ಕೆ ಹೋಗಿ. ವೆಂಟ್ ಅನ್ನುವುದು ಗೋ ಪದದ ಭೂತಕಾಲ, ಅದು ಬೇಕಿದ್ದರೆ ಗೋ ನೋಡಿ, ಪೂರ್ತಿ ವಿವರ ಅಲ್ಲಿರುತ್ತದೆ.

ಜಾಸ್ತಿ ಕಷ್ಟ ಕೊಡುವುದು ನುಡಿಗಟ್ಟು. ‘ಐ ಕಾಂಟ್ ಪುಟ್ ಅಪ್ ವಿತ್ ದಿಸ್ ನಾಯ್ಸ್’ ಅನ್ನುವ ಸಾಲು ಒಮ್ಮೆ ಎದುರಾಯಿತು. ಪುಟ್ ಅಂದರೆ ಇಡು, ಅಪ್ ಅಂದರೆ ಮೇಲೆ, ವಿತ್ ಅಂದರೆ ಜೊತೆ. ಮೂರನ್ನೂ ಜೋಡಿಸಿದರೂ ಅರ್ಥ ಹುಟ್ಟಲಿಲ್ಲ. ಪುಟ್ ಪದದ ವಿವರಣೆಯನ್ನು ಕೊನೆಯವರೆಗೂ ಓದಿದಾಗ ಮೂರೂ ಒಟ್ಟಿಗೆ ಸಿಕ್ಕವು. ಅರ್ಥ, ಸಹಿಸಿಕೊಳ್ಳು. ಕನ್ನಡದಲ್ಲೂ ಹಾಗೇ ಅಲ್ವಾ? ‘ಕೈ ಕೊಟ್ಟ’ ಅಂದರೆ ಏನು ಅಂತ ತಿಳಿಯಲು ಕೈ, ಕೊಡು ಎರಡನ್ನೂ ಬೇರೆ ಬೇರೆ ನೋಡಿದರೆ ಮೋಸದ ಸುಳಿವೂ ಸಿಗುವುದಿಲ್ಲ.

ಹಾಗಾಗಿ ಲುಕ್ ಆಫ್ಟರ್, ಲುಕ್ ಇನ್ಟು ಮುಂತಾದವನ್ನು ಕ್ರಿಯಾಪದದ ಕೆಳಗೆ ಹುಡುಕಿ. ಕಿಕ್ ದ ಬಕೆಟ್ (ಅಂದರೆ ಸಾಯು) ತರಹದ್ದಾದರೆ ಕೆಲವು ನಿಘಂಟುಗಳಲ್ಲಿ ಕಿಕ್ ಕೆಳಗೆ, ಕೆಲವುಗಳಲ್ಲಿ ಬಕೆಟ್ ಕೆಳಗೆ ಇರುತ್ತದೆ. ಎರಡೂ ಕಡೆ ನೋಡಿ. ದ, ಎ, ಆನ್ ತರಹದ ಸಣ್ಣ ಪದಗಳಲ್ಲಿ ಹುಡುಕಿ ಸುಮ್ನೆ ಹೊತ್ತು ಕಳೆಯಬೇಡಿ.

ಸ್ವಂತ ಪದಗಳ ನೋಟ್‌ಬುಕ್ ಮಾಡುವವರು ಎಲ್ಲ ಅಕ್ಷರಕ್ಕೂ ಒಂದೇ ಲೆಕ್ಕದಲ್ಲಿ ಹಾಳೆ ಬಿಡಬೇಡಿ. ಎಸ್, ಸಿ, ಪಿ ಬೇಗ ತುಂಬುತ್ತವೆ. ಎಕ್ಸ್, ವೈ, ಜೆಡ್ ಮೂರಕ್ಕೂ ಸೇರಿ ಒಂದೇ ಹಾಳೆ ಸಾಕು. ಅರ್ಥದ ಕೆಳಗೆ ಆ ಪದ ನಿಮಗೆ ಸಿಕ್ಕ ಪೂರ್ತಿ ವಾಕ್ಯವನ್ನೂ ಬರೆದುಕೊಳ್ಳಿ. ನನ್ನ ನೋಟ್‌ಬುಕ್ಕಿನಲ್ಲಿ ಪಿ ಹಾಳೆಯ ಮೊದಲ ವಾಕ್ಯ ಆ ಗದ್ದಲದ್ದೇ.